ನಮ್ಮ ಪಿಸಿಯಲ್ಲಿ ಈ ಗೇಮ್ ಓಡುತ್ತಾ? ಹಳೇ ಪ್ರಶ್ನೆಯ ಹಿಂದಿನ ಕಥೆ

ಹೊಸ ಗೇಮ್ ಬಂತು ಅಂದರೆ ಎಲ್ಲರೂ ಮೊದಲು ಹುಡುಕುವುದು ಎಷ್ಟು ರ್‍ಯಾಮ್, ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು ಅನ್ನುವ ಪಟ್ಟಿಯನ್ನು. ಪಟ್ಟಿಯಲ್ಲಿ ಹೇಳಿದ್ದೆಲ್ಲ ಇದ್ದರೂ ಗೇಮ್ ತಡವರಿಸುವುದುಂಟು. ಇದು ಇವತ್ತಿನ ತೊಂದರೆ ಅಲ್ಲ.

1993ರ ಡೂಮ್ ಗೇಮ್, 386 ಅನ್ನುವ ಹಳೇ ಪ್ರೊಸೆಸರ್ ಇದ್ದ ಪಿಸಿಯಲ್ಲೂ ಶುರುವಾಗುತ್ತಿತ್ತು. 1996ರಲ್ಲಿ ಕ್ವೇಕ್ ಬಂತು. ಅದು ಪೂರ್ತಿ 3ಡಿ, ದಶಮಾಂಶದ ಲೆಕ್ಕಗಳನ್ನು ಬೇಗ ಬೇಗ ಮಾಡುವ ಪ್ರೊಸೆಸರ್ ಬೇಕಿತ್ತು. ಇಂಟೆಲ್‌ನ ಪೆಂಟಿಯಂ ಪ್ರೊಸೆಸರ್ ಅದರಲ್ಲಿ ಗಟ್ಟಿ. ಆಫೀಸ್ ಕೆಲಸದಲ್ಲಿ ಪೆಂಟಿಯಂಗೆ ಸಮನಾಗಿ ನಿಂತಿದ್ದ ಸೈರಿಕ್ಸ್ 6ಎಕ್ಸ್86 ಕ್ವೇಕ್‌ನಲ್ಲಿ ಹಿಂದೆ ಬಿತ್ತು. ಪಿಸಿ ಎಷ್ಟು ಫಾಸ್ಟ್ ಅಂತ ಕೇಳಿದರೆ ಸಾಲದು, ಯಾವ ಕೆಲಸದಲ್ಲಿ ಫಾಸ್ಟ್ ಅಂತಲೂ ಕೇಳಬೇಕಾಯಿತು.

2002ರಲ್ಲಿ ಎನ್ವಿಡಿಯಾದ ಜಿಫೋರ್ಸ್ 4 ಎಂಎಕ್ಸ್ ಗ್ರಾಫಿಕ್ಸ್ ಕಾರ್ಡ್ ಬಂತು. ಹೆಸರಿನಲ್ಲಿ 4 ಇತ್ತು, ಒಳಗಿದ್ದದ್ದು ಜಿಫೋರ್ಸ್ 2ರ ಕಾಲದ ತಂತ್ರಜ್ಞಾನ. ಹಿಂದಿನ ವರ್ಷದ ಜಿಫೋರ್ಸ್ 3ರಲ್ಲಿದ್ದ ಪಿಕ್ಸೆಲ್ ಶೇಡರ್ (ಪರದೆಯ ಪ್ರತಿ ಚುಕ್ಕಿಯ ಬಣ್ಣ, ಬೆಳಕನ್ನು ಲೆಕ್ಕ ಹಾಕುವ ಸೌಲಭ್ಯ) ಇದರಲ್ಲಿ ಇರಲಿಲ್ಲ. ಶೇಡರ್ ಕಡ್ಡಾಯವಾದ ಗೇಮ್‌ಗಳು ಬಂದಾಗ ಹಳೆಯ 3 ನಡೆಯಿತು, ಹೊಸ 4 ಎಂಎಕ್ಸ್ ನಡೆಯಲಿಲ್ಲ. ಕಂಪನಿ ಇಟ್ಟ ನಂಬರ್ ನಂಬಿ ದುಡ್ಡು ಕೊಟ್ಟವರಿಗೆ ಇದು ಅನ್ಯಾಯವೇ.

ಆಮೇಲೆ 2007ರ ನವೆಂಬರ್‌ನಲ್ಲಿ ಕ್ರೈಸಿಸ್ ಗೇಮ್. ವಿಂಡೋಸ್ ಎಕ್ಸ್‌ಪಿಯಲ್ಲಿ ಕನಿಷ್ಠ 2.8 ಗಿಗಾಹರ್ಟ್ಸ್ ಪೆಂಟಿಯಂ 4, 1 ಜಿಬಿ ರ್‍ಯಾಮ್ ಸಾಕು ಅಂದಿದ್ದರು. ಆದರೆ ಸೆಟ್ಟಿಂಗ್ಸ್ ಪೂರ್ತಿ ಏರಿಸಿದರೆ ದುಬಾರಿ 8800 ಜಿಟಿಎಕ್ಸ್ ಕಾರ್ಡ್ ಕೂಡ ಏದುಸಿರು ಬಿಡುತ್ತಿತ್ತು. ಅಷ್ಟೇ ಅಲ್ಲ, ಎಷ್ಟೋ ವರ್ಷ ಬಿಟ್ಟು ಕೊಂಡ ಪಿಸಿಗಳಲ್ಲೂ ಕೆಲವು ಕಡೆ ಎಡವುತ್ತಿತ್ತು. ಪ್ರೊಸೆಸರ್‌ನ ಒಂದೊಂದು ಕೋರ್‌ನ (ಲೆಕ್ಕ ಮಾಡುವ ಘಟಕದ) ವೇಗ ಹೀಗೇ ಏರುತ್ತಾ ಹೋಗುತ್ತದೆ ಅನ್ನುವ ನಂಬಿಕೆಯಲ್ಲಿ ಅದರ ಇಂಜಿನ್ (ಗೇಮ್ ಓಡಿಸುವ ಮೂಲ ಸಾಫ್ಟ್‌ವೇರ್) ಕಟ್ಟಿದ್ದರು. ಬಿಸಿ ಮತ್ತು ಕರೆಂಟಿನ ಕಾರಣಕ್ಕೆ ಗಿಗಾಹರ್ಟ್ಸ್ ಏರುವುದು ನಿಧಾನವಾಯಿತು, ಕೋರ್‌ಗಳು ಜಾಸ್ತಿಯಾದವು. 8 ಕೋರ್ ಇದ್ದರೂ ಹೆಚ್ಚಿನವು ಸುಮ್ನೆ ಕೂತಿರುತ್ತಿದ್ದವು.

ಅದೇ ವರ್ಷ ಬಂದ ವಿಂಡೋಸ್ ವಿಸ್ತಾ, ಪಿಸಿಗೆ 1ರಿಂದ 5.9ರವರೆಗೆ ಅಂಕ ಕೊಡುತ್ತಿತ್ತು. ಎಲ್ಲಕ್ಕಿಂತ ಕಡಿಮೆ ಅಂಕ ಬಂದ ಭಾಗದ ಅಂಕವೇ ಇಡೀ ಪಿಸಿಯ ಅಂಕ. ಒಳ್ಳೆಯ ಯೋಚನೆ. ವಿಂಡೋಸ್ 8.1ರಲ್ಲಿ ಅದನ್ನು ತೋರಿಸುವುದನ್ನೇ ಬಿಟ್ಟರು.

2023ರಲ್ಲಿ ಅಲನ್ ವೇಕ್ 2 ಬಂದಾಗ ಎಂಎಕ್ಸ್‌ನ ಕಥೆಯೇ ಮತ್ತೆ ನಡೆಯಿತು. 11 ಜಿಬಿ ಮೆಮೊರಿಯ ಜಿಟಿಎಕ್ಸ್ 1080 ಟಿಐ ಹೆಣಗಾಡಿತು, ಯಾಕಂದರೆ ಅದರಲ್ಲಿ ಮೆಶ್ ಶೇಡರ್ (3ಡಿ ಆಕಾರಗಳನ್ನು ಚುರುಕಾಗಿ ಕಟ್ಟುವ ಹೊಸ ಸೌಲಭ್ಯ) ಇಲ್ಲ. 6 ಜಿಬಿಯ ಆರ್‌ಟಿಎಕ್ಸ್ 2060 ಕನಿಷ್ಠ ಪಟ್ಟಿಯಲ್ಲಿತ್ತು. ಆದರೆ ಆ ಕನಿಷ್ಠ ಅಂದರೆ 1080ಪಿಯಲ್ಲಿ ಸೆಕೆಂಡಿಗೆ 30 ಫ್ರೇಮ್ (ಚಿತ್ರ), ಅದೂ ಅಪ್‌ಸ್ಕೇಲಿಂಗ್ (ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ತೋರಿಸುವುದು) ಹಾಕಿ. ಇಷ್ಟನ್ನು ಬಿಡಿಸಿ ಬರೆದರೆ ಮಾತ್ರ ಪಟ್ಟಿಗೆ ಅರ್ಥ, ಅಲ್ವಾ?

ಹಾಗಾಗಿ ಗೇಮ್ ಕೊಳ್ಳುವ ಮೊದಲು ನಿಮ್ಮದೇ ಕಾರ್ಡ್, ನಿಮ್ಮದೇ ಪ್ರೊಸೆಸರ್, ನಿಮ್ಮದೇ ರೆಸಲ್ಯೂಷನ್ ಇರುವ ಟೆಸ್ಟ್ ವಿಡಿಯೋ ಹುಡುಕಿ. ಲ್ಯಾಪ್‌ಟಾಪ್ ಆದರೆ ಕಾರ್ಡ್‌ಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಅಂತಲೂ ನೋಡಿ, ಒಂದೇ ಹೆಸರಿನ ಕಾರ್ಡ್‌ಗಳಲ್ಲೂ ತುಂಬಾ ವ್ಯತ್ಯಾಸ ಇರುತ್ತದೆ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಹೊತ್ತನ್ನು ಕಟ್‌ಸೀನ್ (ಗೇಮ್ ನಡುವಿನ ಸಿನಿಮಾ ತುಣುಕು) ನೋಡುತ್ತಾ ಕಳೆಯಬೇಡಿ. ಜನ, ಹೊಗೆ, ಬೆಂಕಿ ಜಾಸ್ತಿ ಇರುವ ಜಾಗಕ್ಕೆ ಬೇಗ ಹೋಗಿ ಫ್ರೇಮ್ ಎಷ್ಟು ಬರುತ್ತದೆ ನೋಡಿ.