ಸ್ಕೀ ಯಾರ ತೂಕಕ್ಕೆ ಬಾಗಬೇಕು?

ತೀರ್ಥಹಳ್ಳಿಯ ನನ್ನ ಅಕ್ಕನ ಮಗಳು ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿಯುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿ ಕೇಳಿದಳು: "ಚಿಕ್ಕಿ, ಬೆಳಿಗ್ಗೆ ಹೇಳಿದ ಹಾಗೆ ಕೇಳೋ ಸ್ಕೀ ಮಧ್ಯಾಹ್ನ ಯಾಕೆ ಮೊಂಡು ಹಿಡಿಯತ್ತೆ?" ಸ್ಕೀ ಅದೇ, ಕಾಲೂ ಅದೇ. ಬದಲಾದದ್ದು ಹಿಮ.

ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ ಹೆಚ್ಚೆಂದರೆ 100 ಕಿಲೋ ತೂಗೀತು. ಬಿಸಿಲಿಗೆ ನೀರು ಕುಡಿದ ಹಿಮ 400–500 ಕಿಲೋ ಮುಟ್ಟುತ್ತದೆ. ಎಲ್ಲಕ್ಕಿಂತ ಕಾಟ ಕೊಡುವುದು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಹಿಮ. ಅದರ ಮೇಲ್ಪದರ ಒಂದು ಕ್ಷಣ ಭಾರ ಹೊರುತ್ತದೆ, ಮರುಕ್ಷಣ ಒಡೆದು ಸ್ಕೀಯ ಮೂತಿಯನ್ನು ಒಳಗೆಳೆದುಕೊಳ್ಳುತ್ತದೆ. ಸ್ಕೀ ಸಿಕ್ಕಿಬಿದ್ದು ದೇಹ ಮುಂದೆ ಹೋದರೆ ತಿರುಚು ಬೀಳುವುದು ಮಂಡಿಯ ಮೇಲೆ. ಹವ್ಯಾಸಿ ಸ್ಕೀಯಿಂಗ್‌ನಲ್ಲಿ ಮಂಡಿಯೊಳಗಿನ ಎಸಿಎಲ್ ಅಸ್ಥಿರಜ್ಜು ಹರಿಯುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಆದ್ದರಿಂದ ಹೆಂಗಸರ ಸ್ಕೀಗಳನ್ನು ಹದಗೆಟ್ಟ ಹಿಮದಲ್ಲೇ ಪರೀಕ್ಷಿಸಬೇಕು ಎನ್ನುತ್ತೇನೆ. ನುಣುಪಾಗಿ ಹದ ಮಾಡಿದ ಇಳಿಜಾರಿನಲ್ಲಿ ಯಾವ ಸ್ಕೀಯೂ ಒಳ್ಳೆಯದೇ.

ಸ್ಕೀ ಮೂಲತಃ ಒಂದು ಸ್ಪ್ರಿಂಗು. ನಮ್ಮ ಹಳ್ಳಗಳಿಗೆ ಹಾಕುವ ಅಡಿಕೆ ದಬ್ಬೆಯ ಸಂಕವನ್ನೇ ನೋಡಿ: ದೊಡ್ಡವರು ಕಾಲಿಟ್ಟರೆ ನಡುವೆ ತಗ್ಗುತ್ತದೆ, ಮಗು ಓಡಿದರೆ ಅಲುಗುವುದೂ ಇಲ್ಲ. ಸ್ಕೀ ತಿರುಗಬೇಕಾದರೆ ಹೀಗೆ ಬಾಗಲೇಬೇಕು. ಅದರ ಸೊಂಟ ಸಣ್ಣ, ಎರಡೂ ತುದಿ ಅಗಲ. ಓರೆ ಮಾಡಿ ಭಾರ ಹಾಕಿದಾಗ ಬಿಲ್ಲಿನಂತೆ ಮಣಿದು ಉಕ್ಕಿನ ಅಂಚು ಹಿಮದಲ್ಲಿ ಕಮಾನು ಕೊರೆಯುತ್ತದೆ. 80 ಕಿಲೋದವರಿಗೆಂದು ಮಾಡಿದ ಸ್ಕೀಯನ್ನು 52 ಕಿಲೋದವಳು ಹಾಕಿಕೊಂಡರೆ ಅದು ಸಾಕಷ್ಟು ಮಣಿಯುವುದಿಲ್ಲ. ಹಾಗೆಂದು ತೀರಾ ಮೆದು ಮಾಡಿದರೆ ಒರಟು ಹಿಮದಲ್ಲಿ ಮೂತಿ ಪಟಪಟ ಬಡಿದುಕೊಳ್ಳುತ್ತದೆ, ಮಂಜುಗಡ್ಡೆಯ ಮೇಲೆ ಅಂಚು ಜಾರುತ್ತದೆ.

ಎಲ್ಲ ಬಗೆಯ ಹಿಮಕ್ಕೂ ಆಗಲಿ ಎಂದು ಮಾಡುವ ಆಲ್-ಮೌಂಟನ್ ಸ್ಕೀಯ ಸೊಂಟದ ಅಗಲ ಸಾಮಾನ್ಯವಾಗಿ 85–100 ಮಿ.ಮೀ. ಮೂತಿಯನ್ನು ತುದಿಗಿಂತ ತುಸು ಹಿಂದಿನಿಂದಲೇ ಮೇಲಕ್ಕೆ ಬಾಗಿಸಿರುತ್ತಾರೆ, ಹೂತುಹೋಗದಿರಲಿ ಎಂದು. ಅಲುಗಾಟ ತಗ್ಗಿಸಲು ಒಳಗಿನ ಮರದ ತಿರುಳಿಗೆ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಸೇರಿಸುವುದುಂಟು. 'ಹೆಂಗಸರದು' ಎಂದು ಬಣ್ಣ ಬದಲಿಸಿ, ಈ ತಗಡು ತೆಗೆದು ಮಾರಿದರೆ ಹಗುರವೇನೋ ಆಗುತ್ತದೆ; ಚೆನ್ನಾಗಿ ಬಲ್ಲ ಹೆಣ್ಣುಮಕ್ಕಳಿಗೆ ಅದು ಅನ್ಯಾಯ.

ಹಿಮದ ಮೇಲೆ ದೂರ ದೂರ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ತೂಕದ ಲೆಕ್ಕ ಬಹಳ ಕಟ್ಟುನಿಟ್ಟು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಭಾರತದ ಪರ ಸ್ಪರ್ಧಿಸುವುದು ಈ ವಿಭಾಗದಲ್ಲೇ. ಅದರಲ್ಲಿ ನಡೆಯುವಂತೆ ಒಂದೊಂದೇ ಕಾಲು ಒತ್ತಿ ಸಾಗುವ ಕ್ಲಾಸಿಕ್ ಶೈಲಿಯ ಸ್ಕೀ ಆರಿಸುವಾಗ, ಹಾಕಿಕೊಳ್ಳುವವರನ್ನು ಗಟ್ಟಿ ನೆಲದಲ್ಲಿ ಎರಡೂ ಸ್ಕೀಗಳ ಮೇಲೆ ನಿಲ್ಲಿಸಿ, ಪಾದದ ನೇರಕ್ಕೆ ಸ್ಕೀಯ ಅಡಿಗೆ ಒಂದು ಕಾಗದ ತೂರಿಸಿ ಎಳೆಯುತ್ತಾರೆ. ಕಾಗದ ಸಲೀಸಾಗಿ ಸರಿಯಬೇಕು. ಪೂರ್ತಿ ಭಾರ ಒಂದೇ ಕಾಲಿಗೆ ಬಂದಾಗ ಅದು ಸಿಕ್ಕಿಕೊಳ್ಳಬೇಕು.

ಇಳಿಜಾರಿನ ಸ್ಕೀಗೆ ಇಷ್ಟು ಸುಲಭದ ಪರೀಕ್ಷೆ ಇಲ್ಲ, ಇಳಿದೇ ನೋಡಬೇಕು. ಬೇರೆ ಬೇರೆ ತೂಕ, ಎತ್ತರದ ಹೆಂಗಸರು, ಅದೇ ಇಳಿಜಾರು, ಒಂದೇ ಬಗೆಯಲ್ಲಿ ಮಸೆದ ಅಂಚು, ಸ್ಕೀಯ ಅಡಿಗೆ ಒಂದೇ ಮೇಣ. ಹಿಮ ಗಂಟೆಗಂಟೆಗೂ ಬದಲಾಗುವುದರಿಂದ ಮೊದಲು ಹಾಕಿದ ಜೋಡಿಯನ್ನು ಕೊನೆಗೆ ಮತ್ತೊಮ್ಮೆ ಹಾಕಿ ನೋಡಬೇಕು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವ ಮೊದಲೇ ಟಿಪ್ಪಣಿ ಬರೆದಿಡಬೇಕು. 'ತುಂಬಾ ಸ್ಥಿರವಾಗಿದೆ' ಎಂಬ ಮಾತಿನ ಪಕ್ಕದಲ್ಲಿ ಹೇಳಿದವಳ ತೂಕ, ಸ್ಕೀಯ ಉದ್ದ, ಆ ಹೊತ್ತಿನ ಹಿಮದ ಸ್ಥಿತಿ ಮೂರೂ ಇದ್ದರೆ, ಓದುವ ಹುಡುಗಿ ತನ್ನ ಮೈಕಟ್ಟಿಗೆ ಹತ್ತಿರದವಳ ಮಾತನ್ನು ಹುಡುಕಿಕೊಳ್ಳುತ್ತಾಳೆ.