ಕೊರಿಯನ್ ಅಂಕಿಗಳ ಪಟ್ಟಿಯನ್ನು ಉರು ಹೊಡೆಯಬೇಡಿ

ಕೊರಿಯನ್ ಭಾಷೆಯಲ್ಲಿ ಅಂಕಿಗಳ ಸಾಲು ಎರಡಿವೆ ಎಂಬುದು ನನ್ನ ತರಗತಿಗೆ ಬರುವ ಬಹುತೇಕರಿಗೆ ಮೊದಲೇ ಗೊತ್ತಿರುತ್ತದೆ. ಹಾನಾ, ದುಲ್, ಸೆತ್ ಎಂಬುದು ಅಚ್ಚ ಕೊರಿಯನ್ ಸಾಲು. ಇಲ್, ಇ, ಸಾಮ್ ಎಂಬುದು ಚೀನಾ ಮೂಲದ್ದು. ಮೊದಲನೆಯದನ್ನು ತೊಂಬತ್ತೊಂಬತ್ತರವರೆಗೂ (ಈಗಿನ ಬಳಕೆಯಲ್ಲಿ ಅದು ಅಲ್ಲಿಗೆ ನಿಲ್ಲುತ್ತದೆ), ಎರಡನೆಯದನ್ನು ಸಾವಿರದವರೆಗೂ ಮಗ್ಗಿಯಂತೆ ಒಪ್ಪಿಸಿ, "ಮೇಡಂ, ಅಂಕಿ ಮುಗಿಯಿತು, ಇನ್ನು ವ್ಯಾಕರಣ ಹೇಳಿಕೊಡಿ" ಎನ್ನುತ್ತಾರೆ. ನನಗೆ ತಾಳ್ಮೆ ತಪ್ಪುವುದು ಅಲ್ಲಿಯೇ.

ಹೀಗೆ ಒಪ್ಪಿಸಿದ ಹುಡುಗಿಯೊಬ್ಬಳು ಓದಲು ಸಿಯೋಲ್‌ಗೆ ಹೋದಳು. ಬಹಳ ಚುರುಕು, ಬರೆವಣಿಗೆಯೂ ಚೆನ್ನಾಗಿತ್ತು. ಗೆಳತಿಯರಿಬ್ಬರ ಜೊತೆ ಹೋಟೆಲ್‌ಗೆ ಕಾಲಿಟ್ಟಾಗ ಅಲ್ಲಿನ ಹೆಂಗಸು ‘ಮ್ಯೊತ್ ಬುನಿಸೆಯೊ?’ ಎಂದು ಕೇಳಿದರು. ಎಷ್ಟು ಜನ ಎಂದು ಅದರ ಅರ್ಥ. ಇವಳು ‘ಸಾಮ್ ಬುನ್’ ಎಂದಳು. ಆ ಹೆಂಗಸು ಗಡಿಯಾರ ನೋಡಿ, ಇನ್ನು ಯಾರೋ ಬರುವವರಿದ್ದಾರೆಂದು ಭಾವಿಸಿ, ಬಾಗಿಲ ಬಳಿಯ ಬೆಂಚು ತೋರಿಸಿದರು. ‘ಸಾಮ್ ಬುನ್’ ಎಂದರೆ ಮೂರು ನಿಮಿಷ. ಮೂವರು ಎನ್ನಲು ಅಚ್ಚ ಕೊರಿಯನ್ ಅಂಕಿ ಬೇಕು, ‘ಸೆ’ (ಬೇರೆ ಪದದ ಜೊತೆ ಸೇರಿದಾಗ ಸೆತ್ ಹೀಗಾಗುತ್ತದೆ). ಅದರ ಜೊತೆಗೂ ‘ಬುನ್’ ಸಲ್ಲದು, ಏಕೆಂದರೆ ಅದು ಗೌರವದ ಪದ. ಕೇಳುವವರು ನಮಗೆ ಬಳಸಬಹುದು, ನಮಗೆ ನಾವೇ ಬಳಸಿಕೊಳ್ಳಬಾರದು. ‘ಸೆ ಮ್ಯೊಂಗ್’ ಎನ್ನಬೇಕಿತ್ತು. ಅಂಕಿಗಳಲ್ಲಿ ಅವಳಿಗೆ ಒಂದೂ ತಪ್ಪಿರಲಿಲ್ಲ. ಅಂಕಿಯ ಮುಂದೆ ಬರುವ ಪದವನ್ನು ಅವಳು ಕಲಿತೇ ಇರಲಿಲ್ಲ.

ನಾನು ಮತ್ತೆ ಮತ್ತೆ ಹೇಳುವುದು ಇಷ್ಟನ್ನೇ. ಕೊರಿಯನ್‌ನಲ್ಲಿ ಬರೀ ‘ಮೂರು’ ಎಂಬುದನ್ನು ಹೇಳುವ ಸಂದರ್ಭ ತೀರಾ ಕಡಿಮೆ. ಮೂರು ಏನು ಎಂಬುದನ್ನು ಹೇಳುವ ಎಣಿಕೆ ಪದವೊಂದು ಅದಕ್ಕೆ ಅಂಟಿಕೊಂಡೇ ಬರುತ್ತದೆ, ಯಾವ ಸಾಲಿನ ಅಂಕಿ ಬೇಕು ಎಂದು ತೀರ್ಮಾನಿಸುವುದೂ ಅದೇ. ಪ್ರಾಣಿಗಳಿಗೆ ‘ಮಾರಿ’, ಪುಸ್ತಕಗಳಿಗೆ ‘ಗ್ವೊನ್’, ಬಾಟಲಿಗೆ ‘ಬ್ಯೊಂಗ್’, ಲೋಟಕ್ಕೆ ‘ಜಾನ್’: ಇವೆಲ್ಲ ಅಚ್ಚ ಕೊರಿಯನ್ ಅಂಕಿಯನ್ನು ಕೇಳುತ್ತವೆ. ಮಹಡಿ, ನಿಮಿಷ, ಹಣ, ತಾರೀಖು ಚೀನಾ ಮೂಲದ ಅಂಕಿಯನ್ನು. ಮೂರೂವರೆ ಗಂಟೆ ಎನ್ನಲು ‘ಸೆ ಶಿ ಸಾಮ್‌ಶಿಪ್ ಬುನ್’ ಎನ್ನಬೇಕು. ಗಂಟೆ ಒಂದು ಸಾಲಿನದು, ನಿಮಿಷ ಇನ್ನೊಂದರದು, ಒಂದೇ ಉಸಿರಿನಲ್ಲಿ ಎರಡೂ. ಮೂರು ತಿಂಗಳನ್ನು ‘ಸೆ ದಾಲ್’ ಎಂದೂ ಹೇಳಬಹುದು, ‘ಸಾಮ್ ಗೆವೊಲ್’ ಎಂದೂ ಹೇಳಬಹುದು. ಪದ ಬದಲಾದರೆ ಅಂಕಿಯೂ ಬದಲಾಯಿತು.

ಕನ್ನಡಿಗರಿಗೆ ಇದು ಕಷ್ಟವಾಗಬಾರದು. ಮೂರು ಮರ, ಮೂರು ಹಸು, ಆದರೆ ಮೂವರು ಹೆಂಗಸರು ಎಂದು ಯಾವ ನಿಯಮವನ್ನೂ ನೆನೆಯದೆ ಹೇಳುವವರು ನಾವು. ಹಾಗಿದ್ದೂ ಕೊರಿಯನ್ ಕಲಿಯಲು ಕುಳಿತೊಡನೆ "ಯಾವುದಕ್ಕೆ ಯಾವ ಸಾಲು, ಒಂದೇ ಒಂದು ನಿಯಮ ಹೇಳಿ" ಎಂದು ಪಟ್ಟು ಹಿಡಿಯುತ್ತೇವೆ. ಎಲ್ಲಕ್ಕೂ ಹೊಂದುವ ನಿಯಮ ಇಲ್ಲ. ನಾನು ಮೇಲೆ ಹೇಳಿದ್ದಕ್ಕೂ ಅಪವಾದಗಳಿವೆ. ಸೇನೆಯಲ್ಲಿ ಮಧ್ಯಾಹ್ನ ಎರಡು ಗಂಟೆಯನ್ನು ಚೀನಾ ಮೂಲದ ಅಂಕಿಯಲ್ಲೇ ಹದಿನಾಲ್ಕು, ‘ಶಿಪ್ಸಾ ಶಿ’ ಎನ್ನುತ್ತಾರೆ. ಐವತ್ತು ಸಾಮಾನುಗಳಿಗೆ ‘ಶ್ವಿನ್ ಗೆ’ ಬದಲು ‘ಒಶಿಪ್ ಗೆ’ ಎನ್ನುವುದು ಕೊರಿಯಾದಲ್ಲಿ ಮಾಮೂಲು, ಅದನ್ನು ನಾನು ತಪ್ಪೆನ್ನಲಾರೆ. ಐದು ಸಾಮಾನುಗಳಿಗೆ ‘ಒ ಗೆ’ ಎಂದರೆ ಮಾತ್ರ ತಿದ್ದುತ್ತೇನೆ.

ಹಾಗಾಗಿ ಚೀಟಿಯ ಮೇಲೆ 3 ಎಂದಷ್ಟೇ ಬರೆದುಕೊಳ್ಳಬೇಡಿ. ಸೆ ಮ್ಯೊಂಗ್, ಸೆ ಬ್ಯೊಂಗ್, ಸಾಮ್ ಚುಂಗ್ (ಮೂರನೇ ಮಹಡಿ), ಸಾಮ್ ಇನ್‌ಬುನ್ ಎಂದು ಜೋಡಿಯಾಗಿಯೇ ಬರೆಯಿರಿ. ಕೊನೆಯದು ಮೂರು ಜನರಿಗೆ ಆಗುವಷ್ಟು ಊಟ, ಮಾಂಸದಡುಗೆ ಹೇಳುವಾಗ ಬೇಕೇ ಬೇಕು. ಹೋಟೆಲ್‌ಗೆ ಹೋದ ಮೂವರು ‘ಸೆ ಮ್ಯೊಂಗ್’ ಎಂದು ಕುಳಿತು ‘ಸಾಮ್ ಇನ್‌ಬುನ್’ ಎಂದು ಹೇಳಿ ತರಿಸಬೇಕು. ಜೋಡಿಯಾಗಿ ಕಲಿತರೆ ಹಾನಾ ‘ಹಾನ್’ ಆಗುವುದು, ದುಲ್ ‘ದು’ ಆಗುವುದು, ಇಪ್ಪತ್ತರ ಸುಮುಲ್ ವಯಸ್ಸು ಹೇಳುವಾಗ ‘ಸುಮು ಸಾಲ್’ ಆಗುವುದು ತಾನಾಗಿಯೇ ಬಾಯಿಗೆ ಬರುತ್ತದೆ. ಅದಕ್ಕೆ ಬೇರೆ ಪಾಠ ಬೇಕಿಲ್ಲ.

ಹಣದ ಲೆಕ್ಕದಲ್ಲಿ ಎಣಿಕೆ ಪದದ ತೊಡಕು ಇಲ್ಲ, ಎಲ್ಲವೂ ಚೀನಾ ಮೂಲದ್ದೇ. ತೊಡಕು ಸೊನ್ನೆಗಳಲ್ಲಿದೆ. ಅವರು ಹತ್ತು ಸಾವಿರವನ್ನು ‘ಮಾನ್’ ಎಂಬ ಒಂದು ಘಟಕವಾಗಿ ಎಣಿಸುತ್ತಾರೆ, 50,000 ವೊನ್ ಎಂದರೆ ‘ಒ ಮಾನ್ ವೊನ್’. ಇದನ್ನು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಕನ್ನಡಕ್ಕೆ ತರುತ್ತಾ ಕೂರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೇರವಾಗಿ ಬನ್ನಿ: ಹತ್ತು ಮಾನ್ ಒಂದು ಲಕ್ಷ, ಸಾವಿರ ಮಾನ್ ಒಂದು ಕೋಟಿ. ಅದರ ಮೇಲಿನ ‘ಒಕ್’ ಬಂದಾಗ ಮಾತ್ರ ಎಚ್ಚರವಿರಲಿ, ಅದು ಹತ್ತು ಕೋಟಿ. ದುಭಾಷಿಯಾಗಿ ಕೆಲಸ ಮಾಡುವ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಕಡ್ಡಾಯ ಮಾಡಿದ್ದೇನೆ: ಸಭೆಯಲ್ಲಿ ಮೂರು ಒಕ್ ಎಂದು ಕಿವಿಗೆ ಬಿದ್ದರೆ ಬಾಯಿ ತೆರೆಯುವ ಮೊದಲು ಕಾಗದದ ಮೇಲೆ 30,00,00,000 ಎಂದು ಬರೆದು ಕೊರಿಯನ್ ಅಧಿಕಾರಿಗೆ ತೋರಿಸಿ. ಅವರು ಹೌದೆಂದ ಮೇಲೆ ಮೂವತ್ತು ಕೋಟಿ ಎಂದು ಹೇಳಿ.