ದಿಕ್ಕು ತಪ್ಪಿಸುವ ಒಂದು ಸೆಂಟಿಮೀಟರ್

ಎಂಟು ಮೈಕ್‌ಗಳನ್ನು ಒಂದೇ ಸಾಲಿನಲ್ಲಿ 17.15 ಸೆಂ.ಮೀ. ಅಂತರದಲ್ಲಿ ಜೋಡಿಸಿದ್ದೇವೆ ಎನ್ನಿ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ, 1000 ಹರ್ಟ್ಜ್ ಸದ್ದಿಗೆ ಇದು ಅರ್ಧ ತರಂಗಾಂತರ. ಸದ್ದು ಓರೆಯಾಗಿ ಬಂದರೆ ಒಂದು ಮೈಕನ್ನು ಮೊದಲು, ಪಕ್ಕದ್ದನ್ನು ತುಸು ತಡವಾಗಿ ಮುಟ್ಟುತ್ತದೆ. ಆ ತಡವನ್ನು ಫೇಸ್ (ಅಲೆಯ ಒಂದು ಪೂರ್ತಿ ಏರಿಳಿತವನ್ನು 360 ಡಿಗ್ರಿ ಎಂದು ಎಣಿಸಿದಾಗ ಅಲೆ ಇರುವ ಹಂತ) ವ್ಯತ್ಯಾಸವಾಗಿ ಅಳೆದರೆ ಸದ್ದು ಬಂದ ದಿಕ್ಕು ಸಿಗುತ್ತದೆ. ಆದರೆ ಲೆಕ್ಕ ನಿಂತಿರುವುದು ಕೆಲವು ನಂಬಿಕೆಗಳ ಮೇಲೆ: ಮೈಕ್‌ಗಳು ನಾವು ಬರೆದುಕೊಂಡ ಜಾಗದಲ್ಲೇ ಇವೆ, ಎಲ್ಲವೂ ಒಂದೇ ತೆರನಾಗಿವೆ, ಸದ್ದಿನ ವೇಗ ಗೊತ್ತಿದೆ, ಅಲೆ ಸಪಾಟಾಗಿ ಬರುತ್ತಿದೆ.

ಹಿನ್ನೆಲೆಯ ಗದ್ದಲದಿಂದಾಗುವ ತಪ್ಪು ಹೆಚ್ಚು ಹೊತ್ತು ಕೇಳಿದರೆ ಕುಗ್ಗುತ್ತದೆ. ನೂರು ಪಟ್ಟು ಅಳತೆಗಳಿದ್ದರೆ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ಆದರೆ ಮೇಲಿನ ನಂಬಿಕೆಯೊಂದು ಸುಳ್ಳಾಗಿದ್ದರೆ, ದಿನವಿಡೀ ಕೇಳಿದರೂ ಉತ್ತರ ಅದೇ ತಪ್ಪು ಕೋನದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ನಿಖರವಾಗಿ ಕಾಣುವ ತಪ್ಪು ಉತ್ತರವೇ ಇಲ್ಲಿ ದೊಡ್ಡ ಅಪಾಯ.

ಎರಡೇ ಮೈಕ್‌ಗಳ ಜೋಡಿಯಲ್ಲಿ ಒಂದು 1 ಸೆಂ.ಮೀ. ಮುಂದೆ ಸರಿದಿದ್ದರೆ, ಅವೆರಡನ್ನು ಸೇರಿಸುವ ಗೆರೆಯೇ 3.3 ಡಿಗ್ರಿ ತಿರುಗಿದಂತೆ. ದಿಕ್ಕಿನ ತಪ್ಪೂ ಅಷ್ಟೇ. ಆಂಪ್ಲಿಫೈಯರ್‌ನ 10 ಡಿಗ್ರಿ ಫೇಸ್ ದೋಷದ ಪರಿಣಾಮವಾದರೋ ನೇರ ಎದುರಿನ ಸದ್ದಿಗೆ 3.2 ಡಿಗ್ರಿ, 60 ಡಿಗ್ರಿ ಓರೆಯಲ್ಲಿ ಅದರ ಇಮ್ಮಡಿ. ರೇಡಿಯೊ ಆಂಟೆನಾಗಳ ಸಾಲಿನಲ್ಲಿ ಇದು ಇನ್ನೂ ಸೂಕ್ಷ್ಮ. 2.4 ಗಿಗಾಹರ್ಟ್ಜ್‌ನಲ್ಲಿ ಸಾಮಾನ್ಯ ಕೋಆಕ್ಸಿಯಲ್ ಕೇಬಲ್ ಒಂದೇ ಸೆಂಟಿಮೀಟರ್ ಉದ್ದವಾದರೂ ಫೇಸ್ ಸುಮಾರು 44 ಡಿಗ್ರಿ ಜಾರುತ್ತದೆ.

ಬಿಸಿಲೂ ಸಾಕು. ಕಲಬುರಗಿಯ ಬೇಸಿಗೆಯ 40 ಡಿಗ್ರಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 355 ಮೀಟರ್. ಲೆಕ್ಕದಲ್ಲಿ 343 ಎಂದೇ ಉಳಿಸಿದರೆ 60 ಡಿಗ್ರಿಯ ಸದ್ದು 57ರ ಆಸುಪಾಸಿನಲ್ಲಿ ಕಾಣುತ್ತದೆ. ನೇರ ಎದುರಿನದಕ್ಕೆ ಮಾತ್ರ ಏನೂ ಆಗುವುದಿಲ್ಲ. ಹಾಗಾಗಿ ಎದುರಿನಿಂದಷ್ಟೇ ಪರೀಕ್ಷಿಸಿದವರಿಗೆ ಈ ದೋಷ ಗೊತ್ತೇ ಆಗದು.

ಚುರುಕಾದ ವಿಧಾನಗಳು ಹೆಚ್ಚು ಏಟು ತಿನ್ನುತ್ತವೆ. ರಾಲ್ಫ್ ಶ್ಮಿಟ್ ರೂಪಿಸಿದ, ದಿಕ್ಕು ಹುಡುಕುವ ಮ್ಯೂಸಿಕ್ (MUSIC) ಎಂಬ ವಿಧಾನ ಹತ್ತಿರದ ಎರಡು ಮೂಲಗಳನ್ನೂ ಬೇರ್ಪಡಿಸಬಲ್ಲದು. ಲೆಕ್ಕದ ಮಾದರಿ, ಅಂದರೆ ಮೇಲಿನ ನಂಬಿಕೆಗಳು, ಕೆಟ್ಟರೆ ಅದರ ಫಲಿತಾಂಶದಲ್ಲಿ ಆ ಮೂಲಗಳನ್ನು ತೋರುವ ಚೂಪಾದ ಎರಡು ಶಿಖರಗಳು ಮೊಂಡಾಗಿ ಒಂದರೊಳಗೊಂದು ಬೆರೆಯುತ್ತವೆ. ಅಮೆರಿಕದ ಮೊಂಟಾನಾದ ಬೃಹತ್ ಭೂಕಂಪಮಾಪಕ ಸಾಲಿನ ದತ್ತಾಂಶಕ್ಕಾಗಿ ಸಂಶೋಧಕ ಜಾಕ್ ಕೇಪನ್ 1969ರಲ್ಲಿ ಪ್ರಕಟಿಸಿದ ವಿಧಾನದ್ದು ಬೇರೆ ತೊಂದರೆ: ನಿಜವಾದ ಸಂಕೇತ ತನ್ನ ಮಾದರಿಗೆ ಹೊಂದದಿದ್ದರೆ ಅದನ್ನೇ ಅಡಚಣೆಯೆಂದು ಎಣಿಸಿ ಅಳಿಸಿಹಾಕುತ್ತದೆ. ಸಂಕೇತ ಬಲವಾದಷ್ಟೂ ಅಳಿಸುವಿಕೆ ಜೋರು. ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ (ಮೈಕ್‌ಗಳ ಸಂಕೇತಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರುವ ಅಂಕಿಗಳ ಕೋಷ್ಟಕದ) ಕರ್ಣಕ್ಕೆ ಸಣ್ಣ ಮೊತ್ತ ಕೂಡಿಸಿದರೆ ಈ ಅತಿಚುರುಕು ತಗ್ಗುತ್ತದೆ. ಬದಲಿಗೆ ಹತ್ತಿರದ ಮೂಲಗಳನ್ನು ಬಿಡಿಸುವ ಶಕ್ತಿ ಸ್ವಲ್ಪ ಹೋಗುತ್ತದೆ, ಆದರೂ ನನ್ನ ಪ್ರಕಾರ ಅದು ಒಪ್ಪತಕ್ಕ ಬೆಲೆ.

ನಿಜವಾದ ಮದ್ದು ಕ್ಯಾಲಿಬ್ರೇಷನ್. ಗೊತ್ತಿರುವ ದಿಕ್ಕಿನಲ್ಲಿ ಸ್ಪೀಕರ್ ಇಟ್ಟು ಪ್ರತಿ ಮೈಕಿನ ಫೇಸ್ ಅಳೆಯಬೇಕು. ಸಾಲಿನ ಉದ್ದ 1.2 ಮೀಟರ್, ಆದ್ದರಿಂದ ವಾಡಿಕೆಯ ನಿಯಮದಂತೆ (ಉದ್ದದ ವರ್ಗದ ಇಮ್ಮಡಿಯನ್ನು ತರಂಗಾಂತರದಿಂದ ಭಾಗಿಸಿ) ಸ್ಪೀಕರ್ ಕನಿಷ್ಠ 8.4 ಮೀಟರ್ ದೂರವಿರಬೇಕು. ಅಷ್ಟು ದೂರದಲ್ಲೂ ಅಲೆಯ ಬಾಗಿನಿಂದ ಸಾಲಿನ ನಡುವಿಗೂ ತುದಿಗಳಿಗೂ 22.5 ಡಿಗ್ರಿ ಫೇಸ್ ವ್ಯತ್ಯಾಸ ಉಳಿಯುತ್ತದೆ. ಅದನ್ನು ಲೆಕ್ಕದಲ್ಲೇ ಕಳೆಯಬೇಕು. ಒಂದೇ ದಿಕ್ಕಿನ ಅಳತೆ ಸಾಲದು. ಸ್ಪೀಕರ್ ಸರಿಸುತ್ತ ಹೋದಾಗ ಉಳಿಕೆ ದೋಷ ಬದಲಾಗದಿದ್ದರೆ ಕೇಬಲ್ ಅಥವಾ ಆಂಪ್ಲಿಫೈಯರ್ ನೋಡಿ. ದಿಕ್ಕಿನೊಂದಿಗೆ ಬದಲಾದರೆ ಟೇಪು ಹಿಡಿದು ಮೈಕ್‌ಗಳ ಜಾಗ ಮತ್ತೆ ಅಳೆಯಿರಿ. ಹತ್ತಿರದ ಗೋಡೆಯ ಪ್ರತಿಧ್ವನಿಯನ್ನೂ ಶಂಕಿಸಿ.